ರೈಲುಗಾಡಿಯ ವೀಕ್ಷಣೆ: ಒಂದು ವೈಜ್ಞಾನಿಕ ಹವ್ಯಾಸ

ಅಂಚೆಚೀಟಿಗಳನ್ನು ಕೂಡಿಡುವವರನ್ನೂ, ನಕ್ಷತ್ರಗಳನ್ನು ಗುರುತಿಸುವವರನ್ನೂ, ಹಕ್ಕಿಗಳ ಬೆನ್ನುಹತ್ತಿ ಕಾಡುಮೇಡು ಅಲೆಯುವವರನ್ನೂ ನಾವೆಲ್ಲರೂ ಬಲ್ಲೆವು. ಇವರಂತೆಯೇ ರೈಲುಗಾಡಿಗಳನ್ನು ನೋಡುವುದನ್ನೇ ಹವ್ಯಾಸವಾಗಿ ಇರಿಸಿಕೊಂಡವರು ಪ್ರಪಂಚದ ಹಲವು ದೇಶಗಳಲ್ಲಿ ಇದ್ದಾರೆ. ಇಂಗ್ಲೆಂಡಿನಲ್ಲಿ ೧೯೪೨ರಲ್ಲಿ, ಮಹಾಯುದ್ಧದ ನಡುವೆ, ರೈಲ್ವೆ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಇಯಾನ್ ಅಲನ್ ಎಂಬ ತರುಣನು ದಕ್ಷಿಣ ರೈಲ್ವೆಯ ಎಂಜಿನ್ನುಗಳ ಸಂಖ್ಯೆಗಳನ್ನು ಪಟ್ಟಿಮಾಡಿ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದನು. ಅದನ್ನೂ ಅದರ ಹಿಂದೆಯೇ ಬಂದ ಇತರ ಪಟ್ಟಿಗಳನ್ನೂ ಕೈಯಲ್ಲಿ ಹಿಡಿದು, ಕಂಡ ಎಂಜಿನ್ನಿನ ಸಂಖ್ಯೆಯ ಕೆಳಗೆ ಗೆರೆಯೆಳೆಯುತ್ತ, ಶಾಲಾಬಾಲಕರು ಗುಂಪುಗುಂಪಾಗಿ ನಿಲ್ದಾಣಗಳ ಕೊನೆಯಲ್ಲಿ ನಿಲ್ಲತೊಡಗಿದರು.

ಸಂಖ್ಯೆಗಳನ್ನು ಗುರುತುಹಾಕಿಕೊಳ್ಳುವುದರಿಂದ ಆಗುವ ಪ್ರಯೋಜನವೇನು ಎಂದು ಕೆಲವರು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಸಂಗ್ರಹವು ಸಂಗ್ರಹವಾಗಿಯೇ ಉಳಿದರೆ ಅದರಿಂದ ದೊರೆಯುವುದು ಸ್ವಲ್ಪ ಸಂತೋಷ ಮಾತ್ರ. ಆದರೆ ನೋಡಿದ್ದನ್ನು ಅಳೆದು, ಅಳೆದದ್ದನ್ನು ಬರೆದಿಟ್ಟು, ಬರೆದದ್ದಕ್ಕೆ ಕಾರಣವನ್ನು ಹುಡುಕುವ ಅಭ್ಯಾಸವು ಬೆಳೆದರೆ, ಅದೇ ಹವ್ಯಾಸವು ವಿಜ್ಞಾನದ ಮೊದಲ ಮೆಟ್ಟಿಲಾಗುತ್ತದೆ. ಭೌತಶಾಸ್ತ್ರದ ಪಠ್ಯದಲ್ಲಿ ಬರುವ ವೇಗ, ವೇಗೋತ್ಕರ್ಷ, ಉಷ್ಣದಿಂದ ಆಗುವ ವ್ಯಾಕೋಚ, ಇಳಿಜಾರಿನ ಮೇಲಿನ ಬಲ, ವೃತ್ತೀಯ ಚಲನೆ ಇವೆಲ್ಲವೂ ಒಂದೇ ಪ್ರಯಾಣದಲ್ಲಿ ನಮ್ಮ ಕಣ್ಣಿಗೂ ಕಿವಿಗೂ ಗೋಚರವಾಗುತ್ತವೆ. ಇದಕ್ಕೆ ಬೇಕಾದ ಸಲಕರಣೆಗಳಾದರೂ ಎಷ್ಟು? ಸೆಕೆಂಡುಗಳನ್ನು ತೋರಿಸುವ ಒಂದು ಗಡಿಯಾರ, ಒಂದು ಟಿಪ್ಪಣಿ ಪುಸ್ತಕ, ಒಂದು ಪೆನ್ಸಿಲು, ತುದಿಗೆ ಬೀಗದ ಕೈಯನ್ನು ಕಟ್ಟಿದ ಒಂದು ಗೇಣುದ್ದದ ದಾರ. ಇಷ್ಟೇ ಸಾಕು.

ವೇಗವನ್ನು ಅಳೆಯುವ ಬಗೆ

ಕಿಟಕಿಯ ಬಳಿ ಕುಳಿತವನಿಗೆ ಮೊದಲು ಹುಟ್ಟುವ ಪ್ರಶ್ನೆ, ಗಾಡಿ ಎಷ್ಟು ವೇಗವಾಗಿ ಓಡುತ್ತಿದೆ ಎಂಬುದು. ಹಳಿಯ ಪಕ್ಕದಲ್ಲಿ ಪ್ರತಿ ಕಿಲೋಮೀಟರಿಗೂ ಒಂದು ಗುರುತು ಇರುತ್ತದೆ. ವಿದ್ಯುದೀಕರಣಗೊಂಡ ಮಾರ್ಗಗಳಲ್ಲಿ ತಂತಿಯನ್ನು ಹೊತ್ತ ಕಂಬಗಳ ಮೇಲೂ ಸಂಖ್ಯೆಗಳಿರುತ್ತವೆ. ೧೧೨/೧೪ ಎಂದು ಬರೆದಿದ್ದರೆ, ಅದು ೧೧೨ನೆಯ ಕಿಲೋಮೀಟರಿನ ೧೪ನೆಯ ಕಂಬವೆಂದು ತಿಳಿಯಬೇಕು. ಕಂಬಗಳ ನಡುವಿನ ಅಂತರವು ಎಲ್ಲೆಡೆಯೂ ಒಂದೇ ಆಗಿರುವುದಿಲ್ಲ. ತಿರುವುಗಳಲ್ಲಿ ಅವು ಹತ್ತಿರ ಹತ್ತಿರವಾಗಿರುತ್ತವೆ. ಆದುದರಿಂದ ಕಂಬಗಳನ್ನು ಎಣಿಸುವುದಕ್ಕಿಂತ ಕಿಲೋಮೀಟರಿನ ಗುರುತುಗಳನ್ನೇ ನಂಬುವುದು ಒಳ್ಳೆಯದು.

ಒಂದು ಗುರುತಿನಿಂದ ಮುಂದಿನ ಗುರುತಿಗೆ ಹಿಡಿದ ಸೆಕೆಂಡುಗಳನ್ನು ಎಣಿಸಿ, ೩,೬೦೦ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರು ಎಂಬ ಉತ್ತರ ದೊರೆಯುತ್ತದೆ. ೬೦ ಸೆಕೆಂಡು ಹಿಡಿದರೆ ವೇಗವು ಗಂಟೆಗೆ ೬೦ ಕಿಲೋಮೀಟರು. ೪೫ ಸೆಕೆಂಡಾದರೆ ೮೦. ೪೦ ಆದರೆ ೯೦. ೩೬ ಆದರೆ ೧೦೦.

ಲೆಕ್ಕವು ಸುಲಭವಾದದ್ದೇ. ಆದರೆ ಈ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದು? ವಿಜ್ಞಾನದ ವಿದ್ಯಾರ್ಥಿಯು ಕೇಳಲೇಬೇಕಾದ ಪ್ರಶ್ನೆ ಇದು. ಇದಕ್ಕೆ ಸಂಬಂಧಿಸಿದಂತೆ ರೈಲ್ವೆಯ ಇತಿಹಾಸದಲ್ಲಿ ಪ್ರಸಿದ್ಧವಾದ ಒಂದು ವಿವಾದವಿದೆ. ೧೯೦೪ರ ಮೇ ೯ರಂದು ಇಂಗ್ಲೆಂಡಿನಲ್ಲಿ ಟಪಾಲು ಹೊತ್ತ ವಿಶೇಷ ಗಾಡಿಯೊಂದನ್ನು 'ಸಿಟಿ ಆಫ್ ಟ್ರೂರೋ' ಎಂಬ ಉಗಿ ಎಂಜಿನ್ನು ಎಳೆಯುತ್ತಿತ್ತು. ಗಾಡಿಯ ವೇಗಗಳನ್ನು ಅಳೆಯುವುದರಲ್ಲಿ ಹೆಸರುವಾಸಿಯಾಗಿದ್ದ ಚಾರ್ಲ್ಸ್ ರೌಸ್-ಮಾರ್ಟೆನ್ ಎಂಬ ಪತ್ರಕರ್ತನು ಅದರಲ್ಲಿ ಕುಳಿತಿದ್ದನು. ವೆಲ್ಲಿಂಗ್ಟನ್ ಎಂಬಲ್ಲಿಯ ಇಳಿಜಾರಿನಲ್ಲಿ ಕಾಲು ಮೈಲಿಯ ಅಂತರವನ್ನು ಗಾಡಿಯು ೮.೮ ಸೆಕೆಂಡುಗಳಲ್ಲಿ ದಾಟಿತೆಂದು ಅವನು ಗುರುತಿಸಿದನು. ಹಾಗಿದ್ದರೆ ವೇಗವು ಗಂಟೆಗೆ ೧೦೨.೩ ಮೈಲಿ. ಅಲ್ಲಿಯವರೆಗೆ ಯಾವ ಉಗಿ ಎಂಜಿನ್ನೂ ನೂರು ಮೈಲಿಯ ವೇಗವನ್ನು ಮುಟ್ಟಿದ್ದಕ್ಕೆ ಖಚಿತವಾದ ದಾಖಲೆ ಇರಲಿಲ್ಲ.

ಈಗ ಅವನ ಕೈಯಲ್ಲಿದ್ದ ಗಡಿಯಾರವನ್ನು ವಿಚಾರಿಸೋಣ. ಅದು ಸೆಕೆಂಡಿನ ಐದನೆಯ ಒಂದು ಭಾಗದವರೆಗೆ ಮಾತ್ರ ಓದಬಲ್ಲುದಾಗಿತ್ತು. ನಿಜವಾದ ಕಾಲವು ಅದರ ಒಂದೇ ಗೆರೆಯಷ್ಟು ಹೆಚ್ಚಾಗಿ, ೯.೦ ಸೆಕೆಂಡಾಗಿದ್ದರೆ ವೇಗವು ೧೦೦ ಮೈಲಿಗೆ ಇಳಿಯುತ್ತದೆ; ಒಂದು ಗೆರೆಯಷ್ಟು ಕಡಿಮೆಯಾಗಿ, ೮.೬ ಆಗಿದ್ದರೆ ೧೦೪ ಮೈಲಿಯನ್ನೂ ಮೀರುತ್ತದೆ. ಕಾಲು ಮೈಲಿಯಷ್ಟು ಕಿರಿದಾದ ಅಂತರದಲ್ಲಿ, ಓಡುವ ಗಾಡಿಯ ಕಿಟಕಿಯಿಂದ ಕಲ್ಲನ್ನು ಗುರುತಿಸಿ ಗುಂಡಿಯೊತ್ತುವಾಗ, ಅಷ್ಟು ತಪ್ಪು ಯಾರ ಕೈಯಲ್ಲಾದರೂ ಆಗಬಹುದು. ಆದಕಾರಣ ಆ ದಾಖಲೆಯ ಬಗೆಗಿನ ಚರ್ಚೆ ಇಂದಿಗೂ ಮುಗಿದಿಲ್ಲ. ಇದಕ್ಕೆ ಪ್ರತಿಯಾಗಿ ೧೯೩೮ರ ಜುಲೈ ೩ರಂದು 'ಮ್ಯಾಲಾರ್ಡ್' ಎಂಬ ಎಂಜಿನ್ನು ಗಂಟೆಗೆ ೧೨೬ ಮೈಲಿಯ, ಎಂದರೆ ಸುಮಾರು ೨೦೩ ಕಿಲೋಮೀಟರಿನ, ವೇಗವನ್ನು ಮುಟ್ಟಿದಾಗ, ಅದರ ಹಿಂದೆಯೇ ಜೋಡಿಸಿದ್ದ ಮಾಪನದ ಗಾಡಿಯು ವೇಗವನ್ನು ಕಾಗದದ ಸುರುಳಿಯ ಮೇಲೆ ತಾನೇ ಬರೆದಿಟ್ಟಿತು. ಅದರ ಹೆಗ್ಗಳಿಕೆಯನ್ನು ಬೇರಾವ ಉಗಿ ಎಂಜಿನ್ನೂ ಕಸಿದುಕೊಂಡಿಲ್ಲ.

ಇದರಿಂದ ನಾವು ಕಲಿಯಬೇಕಾದ ನೀತಿ ಒಂದಿದೆ. ಅಳತೆಯ ಜೊತೆಗೆ ಅದರ ತಪ್ಪಿನ ಮಿತಿಯನ್ನೂ ಹೇಳಬೇಕು. ಒಂದು ಕಿಲೋಮೀಟರನ್ನು ೩೬ ಸೆಕೆಂಡುಗಳಲ್ಲಿ ದಾಟಿದ ಗಾಡಿಯ ಕಾಲವನ್ನು ಅಳೆಯುವಾಗ ಒಂದು ಸೆಕೆಂಡಿನ ತಪ್ಪಾದರೆ, ಉತ್ತರವು ೯೭ರಿಂದ ೧೦೩ರವರೆಗೆ ಎಲ್ಲಿಯಾದರೂ ಇರಬಹುದು. ಅದೇ ವೇಗದಲ್ಲಿ ಐದು ಕಿಲೋಮೀಟರುಗಳನ್ನು ಒಟ್ಟಿಗೆ ಅಳೆದರೆ ಕಾಲವು ೧೮೦ ಸೆಕೆಂಡು. ಆಗ ಒಂದು ಸೆಕೆಂಡಿನ ತಪ್ಪಿನಿಂದ ಉತ್ತರವು ೯೯.೪ ಮತ್ತು ೧೦೦.೬ರ ನಡುವೆಯೇ ನಿಲ್ಲುತ್ತದೆ. ಗಡಿಯಾರವೂ ಅದೇ, ಕೈಯೂ ಅದೇ. ಅಳೆಯುವ ಬಗೆ ಬದಲಾದುದರಿಂದ ನಿಖರತೆ ಐದುಪಟ್ಟು ಹೆಚ್ಚಿತು. ಆದರೆ ಈ ದೀರ್ಘವಾದ ಅಳತೆಯು ಸರಾಸರಿ ವೇಗವನ್ನು ಮಾತ್ರ ತಿಳಿಸುತ್ತದೆಂಬುದನ್ನೂ, ನಡುವೆ ಗಾಡಿ ನಿಧಾನವಾಗಿದ್ದರೆ ಅದು ಮರೆಯಾಗುತ್ತದೆಂಬುದನ್ನೂ ನೆನಪಿನಲ್ಲಿಡಬೇಕು.

ಹಳಿಗಳ ತಾಳ

ರಾತ್ರಿಯ ಕತ್ತಲಲ್ಲಿ ಗುರುತುಗಳು ಕಾಣುವುದಿಲ್ಲ. ಆಗ ಕಿವಿಯೇ ನಮ್ಮ ಉಪಕರಣ. ಹಳಿಯ ತುಂಡುಗಳನ್ನು ಫಿಷ್‌ಪ್ಲೇಟುಗಳಿಂದ ಬಿಗಿದು ಜೋಡಿಸಿರುವ ಮಾರ್ಗಗಳಲ್ಲಿ, ಪ್ರತಿಯೊಂದು ಸಂದಿನ ಮೇಲೆ ಗಾಲಿ ಹಾಯುವಾಗಲೂ ಸದ್ದಾಗುತ್ತದೆ. ನಮ್ಮ ಆಸನದ ಹತ್ತಿರವಿರುವ ಬೋಗಿಯಲ್ಲಿ ಎರಡು ಅಚ್ಚುಗಳಿರುವುದರಿಂದ 'ಟಕ್-ಟಕ್' ಎಂದು ಜೋಡಿಸದ್ದು ಕೇಳಿಸುತ್ತದೆ. ಇಂತಹ ಒಂದು ಜೋಡಿಸದ್ದನ್ನು ಒಂದು ಸಂದಿ ಎಂದು ಎಣಿಸಬೇಕು. ನಮ್ಮ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಹಳಿಯ ಒಂದು ತುಂಡಿನ ರೂಢಿಯ ಉದ್ದ ೧೩ ಮೀಟರು. ಆದ್ದರಿಂದ ೪೭ ಸೆಕೆಂಡುಗಳಲ್ಲಿ ಎಷ್ಟು ಸಂದಿಗಳು ಕೇಳಿಸುತ್ತವೆಯೋ, ಗಾಡಿಯ ವೇಗವೂ ಗಂಟೆಗೆ ಹೆಚ್ಚುಕಡಿಮೆ ಅಷ್ಟೇ ಕಿಲೋಮೀಟರು. ಇದು ಮಾಯವೇನೂ ಅಲ್ಲ. ೧೩ ಮೀಟರನ್ನು ೩.೬ರಿಂದ ಗುಣಿಸಿದರೆ ೪೬.೮ ಬರುತ್ತದೆ, ಎಣಿಕೆಯ ಕಾಲವನ್ನು ಅದಕ್ಕೆ ಸರಿಯಾಗಿ ಆರಿಸಿಕೊಂಡುದರಿಂದ ಭಾಗಾಕಾರದ ಶ್ರಮ ತಪ್ಪಿತು, ಅಷ್ಟೇ.

ಸಂದಿಗಳನ್ನಾದರೂ ಏಕೆ ಬಿಡಬೇಕು? ಉಕ್ಕು ಕಾದರೆ ಹಿಗ್ಗುತ್ತದೆ. ೧೩ ಮೀಟರಿನ ಹಳಿಯು ೪೦ ಡಿಗ್ರಿ ಸೆಲ್ಸಿಯಸಿನಷ್ಟು ಹೆಚ್ಚು ಕಾದಾಗ ಸುಮಾರು ೬ ಮಿಲಿಮೀಟರು ಉದ್ದವಾಗುತ್ತದೆ. ಆ ಹಿಗ್ಗಿಗೆ ಎಡೆಯಿರಲೆಂದು ಸಂದಿಯನ್ನು ಬಿಡುವುದು.

ಆದರೆ ಇಂದಿನ ಮುಖ್ಯಮಾರ್ಗಗಳಲ್ಲಿ ಪಯಣಿಸುವವರಿಗೆ ಆ ತಾಳವು ಕೇಳಿಸುವುದೇ ಇಲ್ಲ. ಹಳಿಗಳನ್ನು ಬೆಸೆದು ಕಿಲೋಮೀಟರುಗಟ್ಟಲೆ ಉದ್ದದ ಒಂದೇ ಹಳಿಯನ್ನಾಗಿ ಮಾಡಿರುತ್ತಾರೆ. ಹಾಗಾದರೆ ಅದು ಹಿಗ್ಗುವುದಿಲ್ಲವೆ? ಹಿಗ್ಗಲು ಯತ್ನಿಸುತ್ತದೆ, ಹಿಗ್ಗಲು ಬಿಡುವುದಿಲ್ಲ. ಮೀಟರಿಗೆ ೬೦ ಕಿಲೋಗ್ರಾಂ ತೂಗುವ ಹಳಿಯೊಂದನ್ನು ಹಿಗ್ಗದಂತೆ ಅದುಮಿಟ್ಟು ೩೦ ಡಿಗ್ರಿಯಷ್ಟು ಕಾಯಿಸಿದರೆ, ಅದರೊಳಗೆ ಹುಟ್ಟುವ ಒತ್ತುಬಲವು ೫೫ ಟನ್ನಿಗಿಂತ ಹೆಚ್ಚು. ಈ ಬಲವನ್ನೆಲ್ಲ ತಡೆದು ನಿಲ್ಲಿಸಿರುವುದು ಕಾಂಕ್ರೀಟಿನ ಸ್ಲೀಪರುಗಳು, ಅವುಗಳ ಮೇಲೆ ಹಳಿಯನ್ನು ಹಿಡಿದಿರುವ ಉಕ್ಕಿನ ಕ್ಲಿಪ್ಪುಗಳು, ಮತ್ತು ನಾವು ಕಡೆಗಣ್ಣಿನಿಂದಲೂ ನೋಡದ ಜಲ್ಲಿಕಲ್ಲುಗಳು. ಬೆಸೆದ ಹಳಿಯ ಎರಡು ತುದಿಗಳಲ್ಲಿ ಮಾತ್ರ ಹಿಗ್ಗಲು ಅವಕಾಶವಿರುವ ವಿಶೇಷವಾದ ಕೀಲುಗಳಿರುತ್ತವೆ. ಕಡುಬೇಸಗೆಯ ಮಧ್ಯಾಹ್ನ ಹಳಿಯ ಗಸ್ತಿನವರು ಬಿಸಿಲಿನಲ್ಲಿ ನಡೆದುಹೋಗುವುದನ್ನು ಕಂಡರೆ, ಅವರು ಕಾಯುತ್ತಿರುವುದು ಈ ಐವತ್ತೈದು ಟನ್ನಿನ ಶಕ್ತಿಯನ್ನು ಎಂಬುದನ್ನು ಸ್ಮರಿಸಬೇಕು.

ತಿರುವಿನಲ್ಲಿ ಗಾಲಿ ಮತ್ತು ದಾರ

ರೈಲಿನ ಎರಡು ಗಾಲಿಗಳನ್ನು ಒಂದೇ ಅಚ್ಚಿಗೆ ಬಿಗಿಯಾಗಿ ಕೂರಿಸಿರುತ್ತಾರೆ. ಒಂದು ಸುತ್ತು ಬಂದಾಗ ಇನ್ನೊಂದೂ ಒಂದೇ ಸುತ್ತು ಬರಬೇಕು. ಆದರೆ ತಿರುವಿನಲ್ಲಿ ಹೊರಗಿನ ಹಳಿಯು ಒಳಗಿನದಕ್ಕಿಂತ ಉದ್ದ. ಬ್ರಾಡ್‌ಗೇಜ್ ಗಾಡಿಯೊಂದು ಸಮಕೋನದಷ್ಟು ದಿಕ್ಕು ತಿರುಗುವಷ್ಟರಲ್ಲಿ ಹೊರಗಿನ ಗಾಲಿಯು ಸುಮಾರು ೨.೭೫ ಮೀಟರು ಹೆಚ್ಚಾಗಿ ನಡೆಯಬೇಕಾಗುತ್ತದೆ. ಇದು ಹೇಗೆ ಸಾಧ್ಯ?

ಗುಟ್ಟು ಗಾಲಿಯ ಆಕಾರದಲ್ಲಿದೆ. ಹಳಿಯ ಮೇಲೆ ಕೂರುವ ಗಾಲಿಯ ಮೈ ಸಮತಟ್ಟಾಗಿರದೆ, ೨೦ಕ್ಕೆ ೧ರಂತೆ ಹೊರಮುಖವಾಗಿ ಸಣ್ಣಗಾಗುತ್ತ ಹೋಗುವ ಶಂಕುವಿನ ಆಕಾರದಲ್ಲಿರುತ್ತದೆ. ತಿರುವಿನಲ್ಲಿ ಗಾಲಿಗಳ ಜೋಡಿಯು ಸ್ವಲ್ಪ ಹೊರಗೆ ಸರಿಯುತ್ತದೆ. ಆಗ ಹೊರಗಿನ ಗಾಲಿಯು ತನ್ನ ದೊಡ್ಡ ವ್ಯಾಸದ ಮೇಲೂ, ಒಳಗಿನದು ತನ್ನ ಚಿಕ್ಕ ವ್ಯಾಸದ ಮೇಲೂ ಉರುಳುತ್ತವೆ. ಸುತ್ತುಗಳು ಸಮನಾಗಿದ್ದರೂ ದೂರಗಳು ಬೇರೆಯಾಗುತ್ತವೆ. ಒಳಬದಿಯಲ್ಲಿರುವ ಎತ್ತರವಾದ ಅಂಚೇ ಗಾಲಿಯನ್ನು ಯಾವಾಗಲೂ ನಡೆಸುತ್ತದೆಂದು ಹಲವರು ಭಾವಿಸಿದ್ದಾರೆ. ಅಂಚು ಮುಖ್ಯವಾಗಿ ಆಪತ್ತಿನ ಕಾವಲುಗಾರ, ಹಾಗೂ ಬಹಳ ಕಡಿದಾದ ತಿರುವುಗಳಲ್ಲಿ ಸಹಾಯಕ. ಬೆಂಗಳೂರಿನ ಯಲಹಂಕದಲ್ಲಿ ೧೯೮೪ರಿಂದ ಕೆಲಸಮಾಡುತ್ತಿರುವ ರೈಲ್ವೆ ಕಾರ್ಖಾನೆಯು ಇಂತಹ ಗಾಲಿಗಳನ್ನೂ ಅಚ್ಚುಗಳನ್ನೂ ತಯಾರಿಸುತ್ತದೆ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಕಾಗದದ ಎರಡು ಲೋಟಗಳನ್ನು ಬಾಯಿಗೆ ಬಾಯಿ ಸೇರಿಸಿ ಅಂಟಿಸಿರಿ. ಎರಡು ನೇರವಾದ ಕೋಲುಗಳನ್ನು ಸಮಾಂತರವಾಗಿ, ಒಂದು ತುದಿ ಸ್ವಲ್ಪ ಎತ್ತರವಾಗುವಂತೆ ಇರಿಸಿ, ಲೋಟಗಳನ್ನು ಅವುಗಳ ಮೇಲೆ ಉರುಳಬಿಡಿರಿ. ಸ್ವಲ್ಪ ಓರೆಯಾಗಿ ಬಿಟ್ಟರೂ ಜೋಡಿಯು ತಾನಾಗಿಯೇ ನಡುವಿಗೆ ಸರಿದುಕೊಂಡು ಕೆಳಗಿನವರೆಗೆ ಉರುಳುತ್ತದೆ. ಅನಂತರ ಇನ್ನೆರಡು ಲೋಟಗಳನ್ನು ತಳಕ್ಕೆ ತಳ ಸೇರಿಸಿ ಅಂಟಿಸಿ, ಹಾಗೆಯೇ ಉರುಳಿಸಿರಿ. ಅದು ಕೆಲವೇ ಅಂಗುಲಗಳಲ್ಲಿ ಹಳಿತಪ್ಪುತ್ತದೆ. ಗಾಲಿಯ ಶಂಕುವು ಯಾವ ಕಡೆಗೆ ಸಣ್ಣಗಾಗಬೇಕೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಚಿತ್ರವೂ ತಿಳಿಸಲಾರದು.

ತಿರುವಿನಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ, ಹೊರಗಿನ ಹಳಿಯನ್ನು ಒಳಗಿನದಕ್ಕಿಂತ ಎತ್ತರಿಸಿರುವುದು. ೮೭೫ ಮೀಟರು ತ್ರಿಜ್ಯದ ತಿರುವಿನಲ್ಲಿ ಗಂಟೆಗೆ ೮೦ ಕಿಲೋಮೀಟರು ವೇಗದಿಂದ ಹೋಗುವ ಬ್ರಾಡ್‌ಗೇಜ್ ಗಾಡಿಗೆ ತಕ್ಕ ಎತ್ತರವು ಸುಮಾರು ೧೦೦ ಮಿಲಿಮೀಟರು. ಈಗ ನಮ್ಮ ದಾರವನ್ನು ಹೊರತೆಗೆದು, ತೂಗುವಂತೆ ಹಿಡಿಯೋಣ. ಗಾಡಿಯು ಆ ತಿರುವಿಗೆ ತಕ್ಕ ವೇಗದಲ್ಲಿಯೇ ಓಡುತ್ತಿದ್ದರೆ, ಡಬ್ಬಿಯು ವಾಲಿದ್ದರೂ ದಾರವು ಡಬ್ಬಿಯ ಗೋಡೆಗೆ ಸಮಾಂತರವಾಗಿಯೇ ತೂಗುತ್ತದೆ. ವಾಲಿರುವುದು ಕುಳಿತವರ ಅರಿವಿಗೂ ಬರುವುದಿಲ್ಲ. ಗಾಡಿ ನಿಧಾನವಾಗಿದ್ದರೆ ಅಥವಾ ಅಲ್ಲಿಯೇ ನಿಂತಿದ್ದರೆ ದಾರವು ತಿರುವಿನ ಒಳಗಿನ ಕಡೆಗೂ, ವೇಗವು ಹೆಚ್ಚಾಗಿದ್ದರೆ ಹೊರಗಿನ ಕಡೆಗೂ ವಾಲುತ್ತದೆ. ಹಳಿಯನ್ನು ಹಾಕಿದ ಎಂಜಿನಿಯರನು ಆ ತಿರುವಿಗೆ ಎಷ್ಟು ವೇಗವನ್ನು ಎಣಿಸಿದ್ದನೆಂಬುದನ್ನು ಒಂದು ಗೇಣು ದಾರದಿಂದ ಊಹಿಸಬಹುದು.

ಇದೇ ದಾರವು ವೇಗೋತ್ಕರ್ಷವನ್ನೂ ಅಳೆಯುತ್ತದೆ. ಗಾಡಿ ಹೊರಡುವಾಗ ಬೀಗದ ಕೈಯು ಹಿಂದಕ್ಕೆ ಸರಿಯುತ್ತದೆ. ೩೦ ಸೆಂಟಿಮೀಟರು ದಾರದ ತುದಿಯು ೧.೫ ಸೆಂಟಿಮೀಟರಿನಷ್ಟು ಹಿಂದೆ ನಿಂತರೆ, ವೇಗೋತ್ಕರ್ಷವು ಗುರುತ್ವಾಕರ್ಷಣೆಯ ಇಪ್ಪತ್ತನೆಯ ಒಂದು ಭಾಗ, ಎಂದರೆ ಪ್ರತಿ ಸೆಕೆಂಡಿಗೆ ಸೆಕೆಂಡಿಗೆ ೦.೪೯ ಮೀಟರು. ದೂರದ ರೈಲುಗಾಡಿಯನ್ನು ಏರುವ ಅವಕಾಶವಿಲ್ಲದವರು ಈ ಪ್ರಯೋಗವನ್ನು ಊರಿನ ಬಸ್ಸಿನಲ್ಲಿಯೂ, ಬೆಂಗಳೂರಿನಲ್ಲಿ ೨೦೧೧ರ ಅಕ್ಟೋಬರಿನಿಂದ ಓಡುತ್ತಿರುವ ಮೆಟ್ರೋದಲ್ಲಿಯೂ ಮಾಡಿ, ಮೂರರ ಫಲಿತಾಂಶಗಳನ್ನೂ ಹೋಲಿಸಬಹುದು.

ಘಟ್ಟದ ಪಾಠ

ಹಳಿಯ ಏರಿಳಿತವು ಬದಲಾಗುವ ಸ್ಥಳಗಳಲ್ಲಿ ಪಕ್ಕದಲ್ಲಿಯೇ ಒಂದು ಗಿಡ್ಡ ಕಂಬವನ್ನು ನೆಟ್ಟು, ಅದರ ಎರಡು ರೆಕ್ಕೆಗಳ ಮೇಲೆ ಮುಂದಿನ ಮತ್ತು ಹಿಂದಿನ ಏರಿಳಿತಗಳನ್ನು ಬರೆದಿರುತ್ತಾರೆ. ೨೦೦ ಎಂದಿದ್ದರೆ, ೨೦೦ ಮೀಟರು ಮುಂದೆ ಹೋದಾಗ ಹಳಿಯು ೧ ಮೀಟರು ಏರುತ್ತದೆ ಅಥವಾ ಇಳಿಯುತ್ತದೆ ಎಂದರ್ಥ.

ನಮ್ಮ ನಾಡಿನಲ್ಲಿ ಈ ವಿಷಯವನ್ನು ಕಲಿಯಲು ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ದಾರಿಗಿಂತ ಉತ್ತಮವಾದ ಪಾಠಶಾಲೆ ಬೇರೊಂದಿಲ್ಲ. ಸುಮಾರು ೫೫ ಕಿಲೋಮೀಟರುಗಳ ಈ ಘಟ್ಟದ ಮಾರ್ಗದಲ್ಲಿ ೫೭ ಸುರಂಗಗಳಿವೆ. ಏರು ೫೦ಕ್ಕೆ ೧. ಕೇಳಲು ಇದು ಅಲ್ಪವೆನಿಸಬಹುದು. ರಸ್ತೆಯ ಮೇಲೆ ಮೋಟಾರು ಗಾಡಿ ಇಂತಹ ಏರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ರೈಲಿಗೆ ಮಾತ್ರ ಇದು ಬಲವಾದ ಏರು. ಸಮತಟ್ಟಾದ ಹಳಿಯ ಮೇಲೆ ಒಂದು ಟನ್ ತೂಕವನ್ನು ಎಳೆಯಲು ಕೆಲವೇ ಕಿಲೋಗ್ರಾಂಗಳ ಬಲ ಸಾಕಾಗುತ್ತದೆ. ೫೦ಕ್ಕೆ ೧ರ ಏರಿನಲ್ಲಾದರೋ ಗುರುತ್ವವೊಂದನ್ನೇ ಎದುರಿಸಲು ಪ್ರತಿ ಟನ್ನಿಗೆ ೨೦ ಕಿಲೋಗ್ರಾಂ ಬಲ ಬೇಕು. ಸಾವಿರ ಟನ್ನಿನ ಗಾಡಿಗೆ ಅದು ೨೦ ಟನ್ನಾಯಿತು. ಉತ್ತರ ಕನ್ನಡ ಜಿಲ್ಲೆಯ ಕ್ಯಾಸಲ್ ರಾಕಿನಿಂದ ಗೋವೆಯ ಕುಳೆಗೆ ಇಳಿಯುವ ಮಾರ್ಗದ ಏರು ೩೭ಕ್ಕೆ ೧. ಅಲ್ಲಿ ಅದೇ ಗಾಡಿಗೆ ೨೭ ಟನ್ ಬೇಕಾಗುತ್ತದೆ.

ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಉರುಳುವಾಗ ಘರ್ಷಣೆ ಅತ್ಯಲ್ಪ. ಬಯಲಿನಲ್ಲಿ ರೈಲಿನ ದೊಡ್ಡ ಗುಣವೆನಿಸಿದ ಇದೇ, ಘಟ್ಟದಲ್ಲಿ ದೊಡ್ಡ ದೋಷವಾಗುತ್ತದೆ: ಹತ್ತುವಾಗ ಎಂಜಿನ್ನಿನ ಗಾಲಿ ಜಾರುತ್ತದೆ, ಇಳಿಯುವಾಗ ಗಾಡಿಯನ್ನು ತಡೆಯುವುದು ಕಷ್ಟವಾಗುತ್ತದೆ. ಹತ್ತುವಾಗ ಹಿಂದಿನಿಂದ ನೂಕಲು ಬೇರೆ ಎಂಜಿನ್ನುಗಳನ್ನು ಜೋಡಿಸುವುದೂ, ಇಳಿಯುವಾಗ ವೇಗವನ್ನು ಬಹಳ ಕಡಿಮೆಗೆ ಮಿತಗೊಳಿಸುವುದೂ ಇದಕ್ಕಾಗಿಯೇ. ಘಟ್ಟದ ಮಾರ್ಗಗಳಲ್ಲಿ ಕೆಲವೆಡೆ ಗುಡ್ಡದ ಕಡೆಗೆ ಏರಿ ಅಲ್ಲಿಯೇ ಕೊನೆಗೊಳ್ಳುವ ಒಂಟಿ ಹಳಿಯು ಕಾಣಿಸುತ್ತದೆ. ಅದು ಯಾವ ಊರಿಗೂ ಹೋಗುವುದಿಲ್ಲ. ಹಿಡಿತ ತಪ್ಪಿದ ಗಾಡಿಯನ್ನು ಆ ಏರಿನ ಮೇಲೆ ಹತ್ತಿಸಿ, ಅದರ ಚಲನಶಕ್ತಿಯನ್ನು ಎತ್ತರವನ್ನಾಗಿ ಮಾರ್ಪಡಿಸಿ ನಿಲ್ಲಿಸುವುದಕ್ಕಾಗಿ ಅದನ್ನು ಹಾಕಿದ್ದಾರೆ. ಶಕ್ತಿನಿತ್ಯತೆಯ ನಿಯಮವು ಇಲ್ಲಿ ಜೀವರಕ್ಷಕವಾಗಿದೆ.

ಗುರುತುಗಳ ಭಾಷೆ

ಈ ಹವ್ಯಾಸಿಗಳು ಸಂಖ್ಯೆಗಳನ್ನು ಪ್ರೀತಿಸುವುದಕ್ಕೆ ಕಾರಣವುಂಟು. ಅವು ಅರ್ಥವಿಲ್ಲದ ಅಂಕಿಗಳಲ್ಲ. ಎಂಜಿನ್ನಿನ ಮೇಲೆ 'ಡಬ್ಲ್ಯು.ಎ.ಪಿ.-೭' ಎಂದಿದ್ದರೆ, ಮೊದಲಕ್ಷರವು ಬ್ರಾಡ್‌ಗೇಜನ್ನೂ, ಎರಡನೆಯದು ಪರ್ಯಾಯ ವಿದ್ಯುತ್ತನ್ನೂ, ಮೂರನೆಯದು ಪ್ರಯಾಣಿಕ ಗಾಡಿಯನ್ನೂ ಸೂಚಿಸುತ್ತವೆ. ಎರಡನೆಯ ಅಕ್ಷರವು 'ಡಿ' ಆಗಿದ್ದರೆ ಡೀಸೆಲ್. ಮೂರನೆಯದು 'ಜಿ' ಆಗಿದ್ದರೆ ಸರಕಿನ ಗಾಡಿ, 'ಎಂ' ಆಗಿದ್ದರೆ ಎರಡಕ್ಕೂ ಸಲ್ಲುವುದು, 'ಎಸ್' ಆಗಿದ್ದರೆ ನಿಲ್ದಾಣದ ಅಂಗಳದಲ್ಲಿ ಡಬ್ಬಿಗಳನ್ನು ಜೋಡಿಸುವುದು. ಮೊದಲಕ್ಷರವು 'ವೈ' ಆಗಿದ್ದರೆ ಮೀಟರ್‌ಗೇಜ್.

ಪ್ರಯಾಣಿಕರ ಡಬ್ಬಿಗಳ ಮೇಲೆ ರೂಢಿಯಲ್ಲಿದ್ದ ಐದಂಕಿಯ ಸಂಖ್ಯೆಯಲ್ಲಿ ಮೊದಲೆರಡು ಅಂಕಿಗಳು ತಯಾರಾದ ವರ್ಷವನ್ನೂ, ಉಳಿದ ಮೂರು ಡಬ್ಬಿಯ ಬಗೆಯನ್ನೂ ತಿಳಿಸುತ್ತವೆ. ೧೪೨೪೫ ಎಂದರೆ ೨೦೧೪ರ ಡಬ್ಬಿ; ೨೦೧ರಿಂದ ೪೦೦ರವರೆಗಿನ ಸಂಖ್ಯೆಗಳು ಸ್ಲೀಪರ್ ದರ್ಜೆಗೆ ಸಲ್ಲುವುದರಿಂದ ಅದು ಮಲಗುವ ಡಬ್ಬಿ. ಗಾಡಿಗಳ ಸಂಖ್ಯೆಯು ಐದಂಕಿಯದಾದದ್ದು ೨೦೧೦ರ ಡಿಸೆಂಬರಿನಿಂದ. ಅದರಲ್ಲಿ ಮೊದಲ ಅಂಕಿ ಸೊನ್ನೆಯಾಗಿದ್ದರೆ ವಿಶೇಷ ಗಾಡಿ. ೧ ಅಥವಾ ೨ ಆಗಿದ್ದರೆ ದೂರ ಪ್ರಯಾಣದ ಗಾಡಿ.

ಗಾಡಿಯ ಕೊನೆಯ ಡಬ್ಬಿಯ ಹಿಂಬದಿಯಲ್ಲಿ ದೊಡ್ಡ ಗುಣಾಕಾರದ ಗುರುತನ್ನು ಎಲ್ಲರೂ ಕಂಡಿದ್ದಾರೆ. ಅದು ಅಲಂಕಾರವಲ್ಲ. ಆ ಗುರುತು ಹಾದುಹೋದದ್ದನ್ನು ಕಂಡ ನಿಲ್ದಾಣದ ಸಿಬ್ಬಂದಿಗೆ, ಗಾಡಿಯು ನಡುವೆ ತುಂಡಾಗದೆ ಪೂರ್ತಿಯಾಗಿ ಬಂದಿದೆ ಎಂದು ಖಚಿತವಾಗುತ್ತದೆ. ಡಬ್ಬಿಗಳು ಹಿಂದೆಯೇ ಕಳಚಿಕೊಂಡು ಹಳಿಯ ಮೇಲೆ ನಿಂತಿದ್ದರೆ, ಮುಂದಿನ ಗಾಡಿಯನ್ನು ಆ ದಾರಿಯಲ್ಲಿ ಬಿಡುವುದು ಘೋರವಾದ ಅನಾಹುತಕ್ಕೆ ಕಾರಣವಾದೀತು. ಎಷ್ಟೋ ಜನರ ಪ್ರಾಣವು ಒಂದು ಸರಳವಾದ ಗುರುತನ್ನೂ, ಅದನ್ನು ತಪ್ಪದೆ ನೋಡುವ ಒಬ್ಬನ ಕಣ್ಣನ್ನೂ ಅವಲಂಬಿಸಿದೆ.

ಬರೆದಿಡುವುದೇಕೆ?

ಬೆಂಗಳೂರಿನ ದಂಡು ಪ್ರದೇಶಕ್ಕೆ ೧೮೬೪ರಲ್ಲಿ ಮದರಾಸಿನ ಕಡೆಯಿಂದ ಬ್ರಾಡ್‌ಗೇಜ್ ಗಾಡಿ ಬಂದಿತು. ಬೆಂಗಳೂರು-ಮೈಸೂರುಗಳ ನಡುವಿನ ಮಾರ್ಗವು ೧೮೮೨ರಲ್ಲಿ ಮೀಟರ್‌ಗೇಜಿನಲ್ಲಿ ಸಿದ್ಧವಾಗಿ, ನೂರು ವರ್ಷಗಳಿಗೂ ಹೆಚ್ಚು ಕಾಲ ಹಾಗೆಯೇ ನಡೆದು, ೧೯೯೦ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ೧೯೭೯ರಲ್ಲಿ ಮೀಟರ್‌ಗೇಜಿನಲ್ಲಿಯೇ ತೆರೆದ ಹಾಸನ-ಮಂಗಳೂರು ಮಾರ್ಗದಲ್ಲಿ ಬ್ರಾಡ್‌ಗೇಜಿನ ಪ್ರಯಾಣಿಕ ಗಾಡಿಗಳು ಓಡಲು ಆರಂಭಿಸಿದ್ದು ೨೦೦೭ರಲ್ಲಿ. ಒಂದು ಮೀಟರು ಅಗಲದ ಹಳಿಯ ಜಾಗವನ್ನು ೧.೬೭೬ ಮೀಟರು ಅಗಲದ ಹಳಿ ಆಕ್ರಮಿಸಿತು. ಇದರಿಂದ ಆದ ಅನುಕೂಲವು ನಿಸ್ಸಂದೇಹವಾದದ್ದು: ಗಾಡಿ ಬದಲಿಸದೆ, ಸರಕನ್ನು ಇಳಿಸಿ ಏರಿಸದೆ ದೇಶದ ಮೂಲೆಮೂಲೆಗೂ ಹೋಗಲು ಸಾಧ್ಯವಾಯಿತು. ಆದರೆ ಆ ಹಳೆಯ ಮಾರ್ಗಗಳ ಜೊತೆಗೆ ಉಗಿ ಎಂಜಿನ್ನುಗಳೂ, ಕೈಯೆತ್ತಿ ಇಳಿಸುವ ಸಿಗ್ನಲ್ಲುಗಳೂ, ನೀರು ತುಂಬುವ ಕೊಳಾಯಿಗಳೂ, ಅವನ್ನು ನಡೆಸುತ್ತಿದ್ದ ಕೈಗಳ ಜಾಣ್ಮೆಯೂ ಮರೆಯಾದವು. ಮೈಸೂರಿನಲ್ಲಿ ೧೯೭೯ರಲ್ಲಿ ಸ್ಥಾಪನೆಯಾದ ರೈಲ್ವೆ ವಸ್ತುಸಂಗ್ರಹಾಲಯವು ಅವುಗಳಲ್ಲಿ ಕೆಲವನ್ನು ಉಳಿಸಿದೆ. ಎಂಜಿನ್ನನ್ನು ಹೀಗೆ ತಂದು ನಿಲ್ಲಿಸಬಹುದು. ಅದು ಯಾವ ಏರಿನಲ್ಲಿ ಎಷ್ಟು ಡಬ್ಬಿಗಳನ್ನು ಎಷ್ಟು ಹೊತ್ತಿನಲ್ಲಿ ಎಳೆಯುತ್ತಿತ್ತು ಎಂಬುದನ್ನು ಅಂದು ಯಾರಾದರೂ ಬರೆದಿಟ್ಟಿದ್ದರೆ ಮಾತ್ರ ಇಂದು ತಿಳಿಯಬಹುದು.

ಬರೆದಿಟ್ಟದ್ದು ಎಂತಹ ಕೆಲಸಕ್ಕೆ ಬರುತ್ತದೆಂಬುದಕ್ಕೆ ಮತ್ತೆ ಇಂಗ್ಲೆಂಡಿನದೇ ಒಂದು ನಿದರ್ಶನವಿದೆ. ಅಲ್ಲಿ ೧೯೪೮-೪೯ರಲ್ಲಿ 'ಎ-೧' ಎಂಬ ವರ್ಗದ ೪೯ ಉಗಿ ಎಂಜಿನ್ನುಗಳನ್ನು ಕಟ್ಟಿದರು. ೧೯೬೬ರ ವೇಳೆಗೆ ಅವೆಲ್ಲವೂ ಗುಜರಿಗೆ ಹೋದವು. ಒಂದನ್ನೂ ಯಾರೂ ಉಳಿಸಲಿಲ್ಲ. ೧೯೯೦ರಲ್ಲಿ ರೈಲುಪ್ರಿಯರ ಗುಂಪೊಂದು ಸೇರಿ, ಐವತ್ತನೆಯದನ್ನು ತಾವೇ ಕಟ್ಟಬೇಕೆಂದು ನಿಶ್ಚಯಿಸಿತು. ಹಳೆಯ ನಕಾಶೆಗಳು ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಉಳಿದಿದ್ದವು. ಅವುಗಳ ಆಧಾರದಿಂದ, ಸಾರ್ವಜನಿಕರಿಂದ ಹಣ ಕೂಡಿಸಿ, ಹದಿನೆಂಟು ವರ್ಷ ದುಡಿದು, ೨೦೦೮ರಲ್ಲಿ 'ಟೊರ್ನೇಡೋ' ಎಂಬ ಹೆಸರಿನ ಹೊಸ ಉಗಿ ಎಂಜಿನ್ನನ್ನು ಹಳಿಯ ಮೇಲೆ ಓಡಿಸಿದರು. ೨೦೧೭ರಲ್ಲಿ ಅದು ಪರೀಕ್ಷಾರ್ಥವಾಗಿ ಗಂಟೆಗೆ ೧೦೦ ಮೈಲಿಯ ವೇಗವನ್ನೂ ಮುಟ್ಟಿತು. ಉಕ್ಕು ಕರಗಿಹೋಗಿತ್ತು, ಕಾಗದ ಉಳಿದಿತ್ತು. ಆದುದರಿಂದ ಎಂಜಿನ್ನು ಮರಳಿ ಬಂದಿತು.

ಆದಕಾರಣ ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಪ್ರತಿಯೊಂದು ಪ್ರಯಾಣಕ್ಕೂ ದಿನಾಂಕ, ಗಾಡಿಯ ಸಂಖ್ಯೆ, ಎಂಜಿನ್ನಿನ ವರ್ಗ ಮತ್ತು ಸಂಖ್ಯೆ, ಡಬ್ಬಿಗಳ ಎಣಿಕೆ, ಪ್ರತಿ ನಿಲ್ದಾಣವನ್ನು ಮುಟ್ಟಿದ ಮತ್ತು ಬಿಟ್ಟ ಸಮಯ, ಅಳೆದ ವೇಗ, ಹವಾಮಾನ ಇವಿಷ್ಟಕ್ಕೆ ಅಂಕಣಗಳನ್ನು ಮಾಡಿಕೊಳ್ಳಿರಿ. ಅಳೆದದ್ದನ್ನೂ ಊಹಿಸಿದ್ದನ್ನೂ ಬೇರೆಬೇರೆಯಾಗಿ ಬರೆಯಿರಿ. ನಿಮ್ಮ ಊರಿನಲ್ಲಿ ರೈಲ್ವೆಯಿಂದ ನಿವೃತ್ತರಾದ ಹಿರಿಯರಿದ್ದರೆ, ಅವರ ಅನುಭವಗಳನ್ನು ವಿನಯದಿಂದ ಕೇಳಿ ಬರೆದುಕೊಳ್ಳಿರಿ. ಇಂದು ಸಾಮಾನ್ಯವೆಂದು ತೋರುವ ಸಂಗತಿಯೇ ಇಪ್ಪತ್ತು ವರ್ಷಗಳ ಅನಂತರ ಅಪೂರ್ವವಾಗುತ್ತದೆ.

ಒಂದು ಎಚ್ಚರಿಕೆಯ ಮಾತು. ಈ ಹವ್ಯಾಸಕ್ಕೆ ಹಳಿಯ ಮೇಲೆ ಇಳಿಯುವ ಅಗತ್ಯ ಎಂದಿಗೂ ಇಲ್ಲ. ಹಾಗೆ ಇಳಿಯುವುದು ೧೯೮೯ರ ರೈಲ್ವೆ ಕಾಯಿದೆಯ ೧೪೭ನೆಯ ಕಲಮಿನ ಪ್ರಕಾರ ಅಪರಾಧವೂ ಹೌದು. ಬಾಗಿಲಲ್ಲಿ ನಿಂತು ಹೊರಗೆ ಬಾಗುವುದಾಗಲಿ, ಸಂಖ್ಯೆಯನ್ನು ಓದಲೆಂದು ಪ್ಲಾಟ್‌ಫಾರಮ್ಮಿನ ಅಂಚಿಗೆ ಸರಿಯುವುದಾಗಲಿ ಸಲ್ಲದು. ಗಂಟೆಗೆ ೯೦ ಕಿಲೋಮೀಟರು ವೇಗದ ಗಾಡಿಯು ಒಂದು ಸೆಕೆಂಡಿನಲ್ಲಿ ೨೫ ಮೀಟರು ಬಂದುಬಿಡುತ್ತದೆ. ವೇಗವನ್ನು ಅಳೆಯಲು ಕಲಿತವನು ಇದನ್ನು ಇತರರಿಗಿಂತ ಚೆನ್ನಾಗಿ ಬಲ್ಲನು.

ಅಭ್ಯಾಸಕ್ಕಾಗಿ

೧. ಗಾಡಿಯು ಒಂದು ಕಿಲೋಮೀಟರನ್ನು ೪೮ ಸೆಕೆಂಡುಗಳಲ್ಲಿ ದಾಟಿತು. ವೇಗವೆಷ್ಟು? ಕಾಲದ ಅಳತೆಯಲ್ಲಿ ಒಂದು ಸೆಕೆಂಡು ತಪ್ಪಿರಬಹುದಾದರೆ ಉತ್ತರದ ಮಿತಿಗಳೇನು?

೨. ೧೩ ಮೀಟರು ಉದ್ದದ ಹಳಿಗಳ ಮೇಲೆ ೩೦ ಸೆ
ಕೆಂಡುಗಳಲ್ಲಿ ೩೯ ಸಂದಿಗಳು ಕೇಳಿಸಿದವು. ವೇಗವೆಷ್ಟು?

೩. ಗಾಡಿ ಹೊರಡುವಾಗ ೪೦ ಸೆಂಟಿಮೀಟರಿನ ದಾರದ ತುದಿಯು ೨ ಸೆಂಟಿಮೀಟರು ಹಿಂದೆ ಸರಿದು ನಿಂತಿತು. ಇದೇ ವೇಗೋತ್ಕರ್ಷವು ೨೦ ಸೆಕೆಂಡು ಮುಂದುವರಿದರೆ ವೇಗವೆಷ್ಟಾಗುತ್ತದೆ?

೪. ಹೊರಗಿನ ಹಳಿಯನ್ನು ೧೦೦ ಮಿಲಿಮೀಟರು ಎತ್ತರಿಸಿರುವ ೮೭೫ ಮೀಟರು ತ್ರಿಜ್ಯದ ತಿರುವಿನಲ್ಲಿ ಗಾಡಿಯು ಗಂಟೆಗೆ ೪೦ ಕಿಲೋಮೀಟರು ವೇಗದಿಂದ ಹೋಗುತ್ತಿದೆ. ದಾರವು ಯಾವ ಕಡೆಗೆ ವಾಲುತ್ತದೆ? ಆ ವೇಗಕ್ಕೆ ತಕ್ಕ ಎತ್ತರವೆಷ್ಟು?

ಉತ್ತರಗಳು: (೧) ಗಂಟೆಗೆ ೭೫ ಕಿಲೋಮೀಟರು, ಸುಮಾರು ೭೩.೫ರಿಂದ ೭೬.೬ರವರೆಗೆ. (೨) ಗಂಟೆಗೆ ಸುಮಾರು ೬೧ ಕಿಲೋಮೀಟರು. (೩) ಸೆಕೆಂಡಿಗೆ ೯.೮ ಮೀಟರು, ಎಂದರೆ ಗಂಟೆಗೆ ಸುಮಾರು ೩೫ ಕಿಲೋಮೀಟರು. (೪) ಒಳಗಿನ ಕಡೆಗೆ. ವೇಗವು ಅರ್ಧವಾದಾಗ ಬೇಕಾದ ಎತ್ತರವು ಕಾಲುಭಾಗಕ್ಕೆ ಇಳಿಯುವುದರಿಂದ ಸುಮಾರು ೨೫ ಮಿಲಿಮೀಟರು ಸಾಕು.